ಫಾರ್ಮ್ ತುಂಬಿ ಸಬ್ಮಿಟ್ ಒತ್ತಿದರೂ ಸರ್ವರ್‌ಗೆ ಏನೂ ಬರುತ್ತಿಲ್ಲವೇ? ಹೀಗೆ ಹುಡುಕಿ

ಫಾರ್ಮ್ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಹೆಸರು ತುಂಬಿದಿರಿ, ಇಮೇಲ್ ತುಂಬಿದಿರಿ, ಸಬ್ಮಿಟ್ ಒತ್ತಿದಿರಿ. ಪೇಜ್ ಒಂದು ಸಲ ಬೆಳ್ಳಗಾಗಿ ಮತ್ತೆ ತೆರೆದುಕೊಂಡಿತು. ಆದರೆ ಸ್ಕ್ರಿಪ್ಟ್‌ನಲ್ಲಿ ನೋಡಿದರೆ ಎಲ್ಲ ಖಾಲಿ. ಎರರ್ ಕೂಡ ಇಲ್ಲ. ಎರರ್ ಬಂದಿದ್ದರೆ ಹಿಡಿದು ಎಳೆಯಲು ಒಂದು ತುದಿಯಾದರೂ ಸಿಗುತ್ತಿತ್ತು, ಇಲ್ಲಿ ಅದೂ ಇಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ನೇರವಾಗಿ ಸರ್ವರ್ ಕೋಡ್ ತೆರೆದು ಅಲ್ಲೊಂದು ಇಲ್ಲೊಂದು ಸಾಲು ಬದಲಾಯಿಸುತ್ತಾ ಹೋಗುತ್ತಾರೆ. ನಾನೂ ತುಂಬಾ ದಿನ ಹಾಗೇ ಮಾಡಿದ್ದೇನೆ. ಈಗ ಒಂದು ನಿಯಮ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ: ಡೇಟಾ ಬ್ರೌಸರ್‌ನಿಂದ ಹೊರಟಿದೆಯೋ ಇಲ್ಲವೋ ಅಂತ ಕಣ್ಣಾರೆ ನೋಡುವವರೆಗೆ ಸರ್ವರ್ ಕೋಡ್‌ನ ಒಂದು ಸಾಲನ್ನೂ ಮುಟ್ಟಬೇಡಿ. ಡೇಟಾ ಹೋಗುವ ದಾರಿ ಉದ್ದ ಇದೆ. ಫಾರ್ಮ್‌ನಿಂದ ಬ್ರೌಸರ್, ಬ್ರೌಸರ್‌ನಿಂದ ವೆಬ್ ಸರ್ವರ್, ಅಲ್ಲಿಂದ ನಿಮ್ಮ ಸ್ಕ್ರಿಪ್ಟ್. ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕೋಡ್‌ನ ಪದಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ನಿಮ್ಮ ಫೈಲ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ. ಉದಾಹರಣೆಗಳು ಜಾಸ್ತಿ ಪಿಎಚ್‌ಪಿ ಅನ್ನುವ ಸರ್ವರ್ ಕಡೆಯ ಭಾಷೆಯವು. ಆದರೆ ಬ್ರೌಸರ್ ಕಡೆಯ ತಪ್ಪುಗಳು ಯಾವ ಭಾಷೆಗಾದರೂ ಒಂದೇ.

ಮೊದಲು ನೆಟ್‌ವರ್ಕ್ ಟ್ಯಾಬ್

ಪೇಜ್ ತೆರೆದು ಎಫ್12 ಒತ್ತಿ. ಡೆವಲಪರ್ ಟೂಲ್ಸ್ ಬರುತ್ತದೆ. ಅದರಲ್ಲಿ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಕ್ರೋಮ್‌ನಲ್ಲಿ 'ಪ್ರಿಸರ್ವ್ ಲಾಗ್' ಅಂತ ಒಂದು ಚೆಕ್‌ಬಾಕ್ಸ್ ಇದೆ, ಫೈರ್‌ಫಾಕ್ಸ್‌ನಲ್ಲಿ ಅದರ ಹೆಸರು 'ಪರ್ಸಿಸ್ಟ್ ಲಾಗ್ಸ್'. ಅದನ್ನು ಆನ್ ಮಾಡಲೇಬೇಕು. ಇಲ್ಲದಿದ್ದರೆ ಪೇಜ್ ಬದಲಾದ ಕೂಡಲೇ ಹಳೆಯ ಸಾಲುಗಳು ಅಳಿಸಿಹೋಗುತ್ತವೆ, ನಮಗೆ ಬೇಕಾದದ್ದು ಆ ಸಾಲುಗಳೇ.

ಈಗ ಫಾರ್ಮ್ ತುಂಬಿ ಸಬ್ಮಿಟ್ ಒತ್ತಿ. ಪಟ್ಟಿಯಲ್ಲಿ ಹೊಸ ಸಾಲು ಬಂತಾ ನೋಡಿ. ಬಂದಿದ್ದರೆ ಅದರ ಮೇಲೆ ಕ್ಲಿಕ್ ಮಾಡಿ. ಯಾವ ವಿಳಾಸಕ್ಕೆ ಹೋಯಿತು, ಮೆಥಡ್ (ಡೇಟಾ ಕಳಿಸುವ ವಿಧಾನ) ಗೆಟ್ಟೋ ಪೋಸ್ಟೋ, ಸ್ಟೇಟಸ್ ನಂಬರ್ (ಸರ್ವರ್ ಕೊಟ್ಟ ಉತ್ತರದ ಸಂಕೇತ) ಎಷ್ಟು, ಎಲ್ಲಾ ಅಲ್ಲೇ ಇದೆ. ಕ್ರೋಮ್‌ನಲ್ಲಿ 'ಪೇಲೋಡ್', ಫೈರ್‌ಫಾಕ್ಸ್‌ನಲ್ಲಿ 'ರಿಕ್ವೆಸ್ಟ್' ಅನ್ನುವ ಒಳಟ್ಯಾಬ್ ತೆರೆದರೆ ನೀವು ಟೈಪ್ ಮಾಡಿದ ಹೆಸರು, ಇಮೇಲ್ ಅಕ್ಷರಕ್ಕೆ ಅಕ್ಷರ ಕಾಣಬೇಕು.

ಇಲ್ಲಿ ನಾಲ್ಕರಲ್ಲಿ ಒಂದು ಆಗುತ್ತದೆ. ಸಾಲೇ ಬರಲಿಲ್ಲ. ಸಾಲು ಬಂತು, ಒಳಗೆ ಡೇಟಾ ಇಲ್ಲ. ಡೇಟಾ ಇದೆ, ಆದರೆ ಬೇರೆ ಜಾಗಕ್ಕೆ ಅಥವಾ ಬೇರೆ ಮೆಥಡ್‌ನಲ್ಲಿ ಹೋಗಿದೆ. ಇಲ್ಲವೇ ಎಲ್ಲ ಸರಿಯಾಗೇ ಹೋಗಿದೆ, ಸ್ಕ್ರಿಪ್ಟ್ ಓದುತ್ತಿಲ್ಲ. ನಿಮ್ಮದು ಯಾವುದು ಅಂತ ನೋಡಿಕೊಂಡು ಆ ಭಾಗಕ್ಕೆ ಹೋಗಿ.

ಸಾಲೇ ಬರಲಿಲ್ಲ

ಬ್ರೌಸರ್ ಏನನ್ನೂ ಕಳಿಸಿಲ್ಲ ಅಂತ ಅರ್ಥ. ಪಕ್ಕದ ಕನ್ಸೋಲ್ ಟ್ಯಾಬ್ ತೆರೆಯಿರಿ, ಕೆಂಪು ಅಕ್ಷರದ ಸಾಲು ಇದೆಯಾ ನೋಡಿ.

ಮೊದಲು ಬಟನ್. ಫಾರ್ಮ್ ಒಳಗಿನ ಬಟನ್ ಟ್ಯಾಗ್‌ಗೆ ಟೈಪ್ ಕೊಡದಿದ್ದರೆ ಅದು ತಾನಾಗಿ ಸಬ್ಮಿಟ್ ಬಟನ್. ಯಾರೋ ಟೈಪ್ ಅನ್ನು 'ಬಟನ್' ಅಂತ ಬರೆದಿದ್ದರೆ ಅದು ಒತ್ತಿದರೂ ಏನೂ ಮಾಡುವುದಿಲ್ಲ. ಬಟನ್ ಫಾರ್ಮ್ ಟ್ಯಾಗ್‌ನ ಹೊರಗೆ ಇದ್ದರೂ ಅಷ್ಟೇ. ಹೊರಗೇ ಇರಬೇಕು ಅಂತಾದರೆ ಬಟನ್‌ಗೆ 'ಫಾರ್ಮ್' ಅಟ್ರಿಬ್ಯೂಟ್ ಹಾಕಿ ಅದರಲ್ಲಿ ಫಾರ್ಮ್‌ನ ಐಡಿ ಕೊಡಿ.

ಆಮೇಲೆ ಜಾವಾಸ್ಕ್ರಿಪ್ಟ್. 'ಪ್ರಿವೆಂಟ್‌ಡೀಫಾಲ್ಟ್' ಅಂತ ಕೋಡ್‌ನಲ್ಲಿ ಹುಡುಕಿ. ಅದು ಬ್ರೌಸರ್ ತಾನಾಗಿ ಮಾಡುವ ಸಬ್ಮಿಟ್ ತಡೆಯುತ್ತದೆ. ತಡೆದ ಮೇಲೆ ನಾವೇ ಫೆಚ್ ಅನ್ನುವ ಜಾವಾಸ್ಕ್ರಿಪ್ಟ್ ಫಂಕ್ಷನ್‌ನಿಂದ ಕಳಿಸಬೇಕು. ತಡೆದಾಯಿತು, ಆದರೆ ಫೆಚ್ ಸಾಲಿಗೆ ಹೋಗುವ ಮೊದಲೇ ಮತ್ತೊಂದು ಸಾಲಿನಲ್ಲಿ ಎರರ್ ಬಂತು ಅಂದರೆ ಡೇಟಾ ಅಲ್ಲೇ ನಿಂತಿತು. ಇನ್ನು ಯಾವುದೋ ಫೀಲ್ಡ್ ಅಥವಾ ಬಟನ್‌ಗೆ 'ಸಬ್ಮಿಟ್' ಅಂತಲೇ ಹೆಸರು ಇಟ್ಟಿದ್ದರೆ, ಜಾವಾಸ್ಕ್ರಿಪ್ಟ್‌ನಲ್ಲಿ ಫಾರ್ಮ್.ಸಬ್ಮಿಟ್ ಕರೆದಾಗ ಸಿಗುವುದು ಆ ಫೀಲ್ಡ್, ಫಂಕ್ಷನ್ ಅಲ್ಲ. 'ಸಬ್ಮಿಟ್ ಈಸ್ ನಾಟ್ ಎ ಫಂಕ್ಷನ್' ಅಂತ ಕನ್ಸೋಲ್ ಹೇಳುತ್ತದೆ. ಹೆಸರು ಬದಲಾಯಿಸಿದರೆ ಮುಗಿಯಿತು.

ಇದರಲ್ಲೇ ತುಂಬಾ ಕಾಡುವುದು ಒಂದಿದೆ. ಒಂದೇ ಫಾರ್ಮ್‌ನಲ್ಲಿ ಎರಡು ಮೂರು ಹಂತ ಮಾಡಿ, ಬೇಡದ ಭಾಗವನ್ನು ಸಿಎಸ್‌ಎಸ್‌ನಿಂದ ಮರೆಮಾಡಿರುತ್ತೇವೆ. ಆ ಮರೆಯಾದ ಭಾಗದ ಒಂದು ಫೀಲ್ಡ್‌ಗೆ 'ರಿಕ್ವೈರ್ಡ್' ಇದೆ, ಅದು ಖಾಲಿ ಇದೆ. ಬ್ರೌಸರ್ ಅದನ್ನು ತುಂಬಿಸಿ ಅಂತ ಹೇಳಬೇಕು, ಆದರೆ ಫೀಲ್ಡ್ ಕಾಣಿಸುತ್ತಿಲ್ಲವಲ್ಲ, ಹೇಳಲು ಜಾಗ ಇಲ್ಲ. ಹಾಗಾಗಿ ಸುಮ್ನೆ ನಿಂತುಬಿಡುತ್ತದೆ. ಬಳಸುವವರು ಹತ್ತು ಸಲ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಕ್ರೋಮ್‌ನ ಕನ್ಸೋಲ್‌ನಲ್ಲಿ ಮಾತ್ರ 'ನಾಟ್ ಫೋಕಸಬಲ್' ಅಂತ ಒಂದು ಸಾಲು ಇರುತ್ತದೆ. ಆ ಭಾಗ ಮರೆಮಾಡಿದಾಗ ರಿಕ್ವೈರ್ಡ್ ತೆಗೆಯಿರಿ, ಅಥವಾ ಆ ಫೀಲ್ಡ್‌ಗಳನ್ನು ಡಿಸೇಬಲ್ ಮಾಡಿ.

ಸಾಲು ಬಂತು, ಡೇಟಾ ಇಲ್ಲ

ಇಲ್ಲಿ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಇನ್‌ಪುಟ್ ಟ್ಯಾಗ್‌ನಲ್ಲಿ 'ನೇಮ್' ಇದೆಯಾ? ಐಡಿ ಅಲ್ಲ, ನೇಮ್. ಬ್ರೌಸರ್ ಫೀಲ್ಡ್‌ಗಳನ್ನು ಕಳಿಸುವುದು ನೇಮ್ ನೋಡಿ. ಐಡಿ ಇರುವುದು ಪೇಜ್‌ನ ಒಳಗಿನ ಬಳಕೆಗೆ, ಅಂದರೆ ಲೇಬಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಇವುಗಳಿಗೆ. ನೇಮ್ ಇಲ್ಲದ ಫೀಲ್ಡ್ ಬ್ರೌಸರ್‌ನ ಲೆಕ್ಕಕ್ಕೆ ಇಲ್ಲವೇ ಇಲ್ಲ. ನೀವು ಅದರಲ್ಲಿ ಏನು ತುಂಬಿದರೂ ಬಿಟ್ಟುಬಿಡುತ್ತದೆ, ಎಚ್ಚರಿಕೆ ಕೂಡ ಕೊಡುವುದಿಲ್ಲ. ಹೊಸದಾಗಿ ಕಲಿಯುವವರು ನನಗೆ ಕಳಿಸುವ ಫೈಲ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ನೇಮ್ ಇದೆ, ಆದರೂ ಬರುತ್ತಿಲ್ಲ ಅಂದರೆ ಕೋಟ್ ಗುರುತುಗಳನ್ನು ಹತ್ತಿರದಿಂದ ನೋಡಿ. ಕೋಡನ್ನು ಎಲ್ಲಿಂದಲೋ ಕಾಪಿ ಮಾಡಿ ತಂದಿದ್ದರೆ, ನೇರವಾದ ಕೋಟ್ ಗುರುತಿನ ಬದಲು ಬಾಗಿದ ಕೋಟ್ ಗುರುತು ಬಂದಿರುತ್ತದೆ. ವರ್ಡ್‌ನಂಥ ಬರವಣಿಗೆಯ ಸಾಫ್ಟ್‌ವೇರ್ ಹಾಗೆ ತಾನಾಗಿ ಬದಲಾಯಿಸುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಬ್ರೌಸರ್‌ಗೆ ಬಾಗಿದ ಗುರುತು ಕೋಟ್ ಅಲ್ಲವೇ ಅಲ್ಲ, ಅದೂ ಹೆಸರಿನ ಒಂದು ಅಕ್ಷರ. ಹಾಗಾಗಿ ಫೀಲ್ಡ್‌ನ ಹೆಸರು ಇಮೇಲ್ ಅಂತ ಇರುವುದಿಲ್ಲ, ಬಾಗಿದ ಗುರುತು ಸೇರಿಸಿಕೊಂಡ ಇಮೇಲ್ ಅಂತ ಆಗುತ್ತದೆ. ಸ್ಕ್ರಿಪ್ಟ್ ಕೇಳುವ ಹೆಸರಿಗೆ ಅದು ಹೊಂದುವುದಿಲ್ಲ. ಮೆಥಡ್‌ಗೂ ಇದೇ ಕಥೆ. ಬಾಗಿದ ಕೋಟ್ ಒಳಗೆ 'ಪೋಸ್ಟ್' ಬರೆದರೆ ಬ್ರೌಸರ್‌ಗೆ ಅದು ಗೊತ್ತಿರುವ ಮೆಥಡ್ ಅಲ್ಲ, ಹಾಗಾಗಿ ಗೆಟ್ ಅಂತಲೇ ತೆಗೆದುಕೊಳ್ಳುತ್ತದೆ. ಇಂಥ ಫೈಲ್ ಒಂದನ್ನು ನೋಡುತ್ತಾ ಒಂದು ಇಡೀ ಸಂಜೆ ಕಳೆದಿದ್ದೇನೆ, ಆಮೇಲೆ ಪೇಲೋಡ್ ಟ್ಯಾಬ್‌ನಲ್ಲಿ ಕೀ ಹೆಸರಿನ ಎರಡೂ ಕಡೆ ವಿಚಿತ್ರ ಅಕ್ಷರ ಕಂಡಾಗಲೇ ಗೊತ್ತಾಗಿದ್ದು.

ಡಿಸೇಬಲ್ ಆದ ಫೀಲ್ಡ್ ಹೋಗುವುದಿಲ್ಲ. ಕಾಣಬೇಕು, ಬದಲಾಯಿಸಬಾರದು, ಆದರೆ ಹೋಗಲೂ ಬೇಕು ಅಂತಿದ್ದರೆ 'ರೀಡ್‌ಓನ್ಲಿ' ಬಳಸಿ. ಇದಕ್ಕೆ ಸೇರಿದ ಇನ್ನೊಂದು ತಪ್ಪು ನೋಡಿ: ಸಬ್ಮಿಟ್ ಆಗುವಾಗ ಯಾರೂ ಎರಡು ಸಲ ಒತ್ತದಿರಲಿ ಅಂತ ಜಾವಾಸ್ಕ್ರಿಪ್ಟ್‌ನಲ್ಲಿ ಎಲ್ಲ ಫೀಲ್ಡ್‌ಗಳನ್ನೂ ಡಿಸೇಬಲ್ ಮಾಡಿ, ಮೇಲೆ ಸುತ್ತುವ ಚಕ್ರ ತೋರಿಸುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ಬ್ರೌಸರ್ ಡೇಟಾ ಒಟ್ಟುಮಾಡುವುದು ಸಬ್ಮಿಟ್ ಈವೆಂಟ್ ಮುಗಿದ ಮೇಲೆ, ಅಷ್ಟು ಹೊತ್ತಿಗೆ ಎಲ್ಲ ಫೀಲ್ಡ್‌ಗಳೂ ಡಿಸೇಬಲ್ ಆಗಿರುತ್ತವೆ, ಖಾಲಿ ಫಾರ್ಮ್ ಹೋಗುತ್ತದೆ. ಫಾರ್ಮ್‌ಡೇಟಾ (ಫೀಲ್ಡ್‌ಗಳನ್ನು ಒಟ್ಟುಮಾಡಿಕೊಡುವ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್) ಬಳಸುತ್ತಿದ್ದರೂ ಮೊದಲು ಅದನ್ನು ರಚಿಸಿ, ಆಮೇಲೆ ಡಿಸೇಬಲ್ ಮಾಡಿ.

ಚೆಕ್‌ಬಾಕ್ಸ್ ಟಿಕ್ ಮಾಡದಿದ್ದರೆ ಅದು 'ಇಲ್ಲ' ಅಂತ ಹೋಗುವುದಿಲ್ಲ, ಹೋಗುವುದೇ ಇಲ್ಲ. ಟಿಕ್ ಮಾಡಿದ್ದು ವ್ಯಾಲ್ಯೂ ಇಲ್ಲದಿದ್ದರೆ 'ಆನ್' ಅಂತ ಹೋಗುತ್ತದೆ. ಒಂದೇ ಹೆಸರಿನ ಹಲವು ಚೆಕ್‌ಬಾಕ್ಸ್ ಇದ್ದರೆ ಪಿಎಚ್‌ಪಿಗೆ ಕೊನೆಯದು ಮಾತ್ರ ಸಿಗುತ್ತದೆ. ಎಲ್ಲ ಬೇಕು ಅಂದರೆ ಹೆಸರಿನ ಕೊನೆಗೆ ಚೌಕ ಕಂಸದ ಜೋಡಿ, ಅಂದರೆ [] ಸೇರಿಸಿ. ಆಗ ಎಲ್ಲವೂ ಒಂದು ಅರೇ, ಅಂದರೆ ಪಟ್ಟಿ ಆಗಿ ಬರುತ್ತವೆ.

ಸ್ಕ್ರಿಪ್ಟ್‌ನ ಶುರುವಿನಲ್ಲಿ 'ಸಬ್ಮಿಟ್ ಬಟನ್‌ನ ಹೆಸರು ಬಂದಿದ್ದರೆ ಮಾತ್ರ ಮುಂದುವರಿ' ಅಂತ ಷರತ್ತು ಹಾಕುವ ಅಭ್ಯಾಸ ಹಲವರಿಗಿದೆ. ನಾನು ಅದನ್ನು ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ಬಟನ್‌ನ ಹೆಸರು ಹೋಗುವುದು ಆ ಬಟನ್‌ನಿಂದಲೇ ಸಬ್ಮಿಟ್ ಆದಾಗ ಮಾತ್ರ. ಜಾವಾಸ್ಕ್ರಿಪ್ಟ್‌ನಿಂದ ಫಾರ್ಮ್.ಸಬ್ಮಿಟ್ ಕರೆದರೆ ಹೋಗುವುದಿಲ್ಲ. ಬಟನ್ ಡಿಸೇಬಲ್ ಮಾಡಿದ್ದರೂ ಹೋಗುವುದಿಲ್ಲ. ಉಳಿದ ಡೇಟಾ ಪೂರ್ತಿ ಬಂದಿರುತ್ತದೆ, ಸ್ಕ್ರಿಪ್ಟ್ ಮಾತ್ರ ಬಟನ್ ಕಾಣಲಿಲ್ಲ ಅಂತ ಅದನ್ನೆಲ್ಲ ಎಸೆದುಬಿಡುತ್ತದೆ. ಬದಲಿಗೆ ರಿಕ್ವೆಸ್ಟ್ ಮೆಥಡ್ ಪೋಸ್ಟ್ ಹೌದಾ ಅಂತ ನೋಡಿ.

ಇನ್ನು ಫಾರ್ಮ್ ಒಳಗೆ ಫಾರ್ಮ್. ಎಚ್‌ಟಿಎಂಎಲ್‌ನಲ್ಲಿ ಇದಕ್ಕೆ ಅವಕಾಶ ಇಲ್ಲ. ಬ್ರೌಸರ್ ಒಳಗಿನ ಫಾರ್ಮ್‌ನ ಶುರುವಿನ ಟ್ಯಾಗನ್ನು ಬಿಟ್ಟುಬಿಡುತ್ತದೆ, ಆದರೆ ಅದರ ಮುಗಿಸುವ ಟ್ಯಾಗ್ ಬಂದಾಗ ಹೊರಗಿನ ಫಾರ್ಮನ್ನೇ ಮುಗಿಸಿಬಿಡುತ್ತದೆ. ಅದರ ಕೆಳಗಿನ ಫೀಲ್ಡ್‌ಗಳು ಅನಾಥ. ಪೇಜ್‌ನ ಮೇಲ್ಭಾಗದಲ್ಲಿ ಒಂದು ಹುಡುಕುವ ಫಾರ್ಮ್, ಅದನ್ನು ಮುಚ್ಚುವುದು ಮರೆತು ಕೆಳಗೆ ಮುಖ್ಯ ಫಾರ್ಮ್ ಬರೆದರೂ ಇದೇ ಗತಿ. ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಫಾರ್ಮ್ ಟ್ಯಾಗ್ ನಿಜವಾಗಿ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ನೋಡಿ. ನೀವು ಬರೆದದ್ದಲ್ಲ, ಬ್ರೌಸರ್ ಅರ್ಥಮಾಡಿಕೊಂಡದ್ದು ಅಲ್ಲಿ ಕಾಣುತ್ತದೆ. ಟೇಬಲ್ ಟ್ಯಾಗ್‌ಗಳ ನಡುವೆ ಫಾರ್ಮ್ ಟ್ಯಾಗ್ ತೂರಿಸಿದ್ದರೆ ಅದನ್ನೂ ಟೇಬಲ್‌ನಿಂದ ಹೊರಗೆ ತನ್ನಿ.

ಡೇಟಾ ಹೊರಟಿತು, ದಾರಿ ತಪ್ಪಿತು

ಫಾರ್ಮ್ ಟ್ಯಾಗ್‌ನ 'ಆಕ್ಷನ್', ಅಂದರೆ ಡೇಟಾ ಹೋಗಬೇಕಾದ ವಿಳಾಸ, ಖಾಲಿ ಬಿಟ್ಟರೆ ಫಾರ್ಮ್ ಈಗಿನ ಪೇಜ್‌ಗೇ ಹೋಗುತ್ತದೆ. ಆಕ್ಷನ್‌ನಲ್ಲಿ ಫೈಲ್ ಹೆಸರು ತಪ್ಪಿದ್ದರೆ 404 ಬರುತ್ತದೆ, ಇದು ಸುಲಭ. ಲಿನಕ್ಸ್ ಸರ್ವರ್‌ನಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅನ್ನುವುದು ನೆನಪಿರಲಿ. ವಿಂಡೋಸ್‌ನಲ್ಲಿ ನಡೆದದ್ದು ಅಲ್ಲಿ ನಡೆಯುವುದಿಲ್ಲ.

ಮೆಥಡ್ ಬರೆಯದಿದ್ದರೆ ಗೆಟ್. ಎಚ್‌ಟಿಎಂಎಲ್ ಫಾರ್ಮ್‌ನಿಂದ ಸರ್ವರ್‌ಗೆ ಹೋಗುವುದು ಗೆಟ್ ಮತ್ತು ಪೋಸ್ಟ್ ಎರಡೇ, 'ಪುಟ್' ಅಂತ ಬರೆದರೂ ಗೆಟ್ ಆಗಿಯೇ ಹೋಗುತ್ತದೆ. ನೀವು ತುಂಬಿದ್ದೆಲ್ಲಾ ವಿಳಾಸ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಕಾಣುತ್ತಿದ್ದರೆ ಅದು ಗೆಟ್. ಪಾಸ್‌ವರ್ಡ್ ಇರುವ ಫಾರ್ಮ್ ಹೀಗೆ ಹೋದರೆ ಅದು ಬ್ರೌಸರ್ ಹಿಸ್ಟರಿಯಲ್ಲೂ ಸರ್ವರ್ ಲಾಗ್‌ನಲ್ಲೂ ಉಳಿದುಬಿಡುತ್ತದೆ, ಬೇಗ ಸರಿಮಾಡಿ. ಇನ್ನೊಂದು ಮಾತು: ಗೆಟ್ ಫಾರ್ಮ್‌ನ ಆಕ್ಷನ್‌ನಲ್ಲೇ ಪ್ರಶ್ನಾರ್ಥಕ ಚಿಹ್ನೆ ಹಾಕಿ ಏನಾದರೂ ಬರೆದಿದ್ದರೆ ಸಬ್ಮಿಟ್ ಆಗುವಾಗ ಅದು ಅಳಿಸಿಹೋಗುತ್ತದೆ. ಅದು ಬೇಕು ಅಂದರೆ ಹಿಡನ್ ಫೀಲ್ಡ್‌ನಲ್ಲಿ ಇಡಿ.

ಈಗ ರಿಡೈರೆಕ್ಟ್, ಅಂದರೆ ಸರ್ವರ್ ಬ್ರೌಸರನ್ನು ಬೇರೆ ವಿಳಾಸಕ್ಕೆ ತಿರುಗಿಸುವುದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಕೋಡ್ ಎಷ್ಟು ಓದಿದರೂ ಇದು ಸಿಗುವುದಿಲ್ಲ.

ಗೆಳೆಯನೊಬ್ಬ ಒಂದು ಸೈಟ್ ಮಾಡಿದ್ದ. ಅವನ ಕಂಪ್ಯೂಟರ್‌ನಲ್ಲಿ ಸಂಪರ್ಕದ ಫಾರ್ಮ್ ಚೆನ್ನಾಗಿ ನಡೆಯುತ್ತಿತ್ತು. ಲೈವ್ ಸರ್ವರ್‌ಗೆ ಹಾಕಿದ ಮೇಲೆ ಪೋಸ್ಟ್ ಡೇಟಾ ಪೂರ್ತಿ ಖಾಲಿ. ಕೋಡ್ ಅದೇ, ಪಿಎಚ್‌ಪಿ ಆವೃತ್ತಿಯೂ ಅದೇ. ಎರಡು ದಿನ ಸ್ಕ್ರಿಪ್ಟ್ ತಿದ್ದಿ ತಿದ್ದಿ ಸಾಕಾಗಿ ನನ್ನನ್ನು ಕರೆದ. ನೆಟ್‌ವರ್ಕ್ ಟ್ಯಾಬ್ ತೆರೆದು ಸಬ್ಮಿಟ್ ಒತ್ತಿಸಿದೆ. ಒಂದು ಸಾಲು ಬರಬೇಕಾದ ಕಡೆ ಎರಡು ಬಂತು. ಮೊದಲನೆಯದು ಪೋಸ್ಟ್, ಸ್ಟೇಟಸ್ 301. ಅದರ ಪೇಲೋಡ್‌ನಲ್ಲಿ ಹೆಸರು, ಇಮೇಲ್, ಸಂದೇಶ ಎಲ್ಲ ಇತ್ತು. ಎರಡನೆಯದು ಗೆಟ್, ಸ್ಟೇಟಸ್ 200. ಅದರಲ್ಲಿ ಪೇಲೋಡ್ ಟ್ಯಾಬೇ ಇರಲಿಲ್ಲ. ವಿಳಾಸಗಳನ್ನು ಮೇಲೆ ಕೆಳಗೆ ಇಟ್ಟು ನೋಡಿದರೆ ವ್ಯತ್ಯಾಸ ಇಷ್ಟೇ: ಮೊದಲನೆಯದರಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರಲಿಲ್ಲ, ಎರಡನೆಯದರಲ್ಲಿ ಇತ್ತು. ಸರ್ವರ್ ಎಲ್ಲರನ್ನೂ ಆ ವಿಳಾಸಕ್ಕೆ ತಿರುಗಿಸುತ್ತಿತ್ತು, ಫಾರ್ಮ್‌ನ ಆಕ್ಷನ್‌ನಲ್ಲಿ ಮಾತ್ರ ಹಳೆಯ ಪೂರ್ತಿ ವಿಳಾಸ ಉಳಿದಿತ್ತು. ಆಕ್ಷನ್‌ನಿಂದ ಡೊಮೇನ್ ತೆಗೆದು ಬರೀ ದಾರಿ ಉಳಿಸಿದೆವು. ಮುಂದಿನ ಸಬ್ಮಿಟ್‌ಗೇ ಡೇಟಾ ಬಂತು.

ಆಗುವುದು ಏನೆಂದರೆ, 301 ಅಥವಾ 302 ಬಂದಾಗ ಬ್ರೌಸರ್ ಹೊಸ ವಿಳಾಸಕ್ಕೆ ಹೋಗುವಾಗ ಪೋಸ್ಟನ್ನು ಗೆಟ್ ಮಾಡಿಕೊಂಡು ಹೋಗುತ್ತದೆ, ಡೇಟಾ ಹಿಂದೆಯೇ ಬಿಡುತ್ತದೆ. 307 ಮತ್ತು 308 ಆದರೆ ಮೆಥಡ್, ಡೇಟಾ ಎರಡೂ ಜೊತೆಗೆ ಹೋಗುತ್ತವೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ತಿರುಗಿಸುವುದೂ ಸಾಮಾನ್ಯವಾಗಿ 301 ಅಥವಾ 302 ರಿಡೈರೆಕ್ಟೇ. ವಿಳಾಸದ ಕೊನೆಯ ಓರೆಗೆರೆಯೂ ಹಾಗೇ: ಆಕ್ಷನ್‌ನಲ್ಲಿ ಫೋಲ್ಡರ್ ಹೆಸರು ಕೊಟ್ಟು ಕೊನೆಯ ಓರೆಗೆರೆ ಬಿಟ್ಟರೆ ಅಪಾಚೆ ಅನ್ನುವ ವೆಬ್ ಸರ್ವರ್ ಅದನ್ನು ಸೇರಿಸಿ 301 ಕೊಡುತ್ತದೆ. ಅಪಾಚೆಯ ಸೆಟ್ಟಿಂಗ್ ಬರೆಯುವ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ರಿರೈಟ್ (ವಿಳಾಸ ಬದಲಾಯಿಸುವ) ನಿಯಮಕ್ಕೆ 'ಆರ್' ಫ್ಲ್ಯಾಗ್ ಹಾಕಿದ್ದರೆ ಅದೂ ರಿಡೈರೆಕ್ಟೇ. ಫ್ಲ್ಯಾಗ್ ಇಲ್ಲದೆ, ಅದೇ ಸೈಟಿನ ಒಳದಾರಿಗೆ ಮಾಡುವ ರಿರೈಟ್ ಸರ್ವರ್ ಒಳಗೇ ನಡೆಯುತ್ತದೆ, ಡೇಟಾ ಉಳಿಯುತ್ತದೆ. ಪರಿಹಾರ ಯಾವಾಗಲೂ ಒಂದೇ: ಎರಡನೇ ಸಾಲಿನಲ್ಲಿ ಕಾಣುವ ಕೊನೆಯ ವಿಳಾಸವನ್ನೇ ಆಕ್ಷನ್‌ನಲ್ಲಿ ಕೊಡಿ.

ಸ್ಟೇಟಸ್ ನಂಬರ್ ಬೇರೆ ಬಂದರೆ ಅದೂ ಸುಳಿವೇ. 405 ಅಂದರೆ ಆ ವಿಳಾಸ ಪೋಸ್ಟ್ ಒಪ್ಪುವುದಿಲ್ಲ. ಎಡಿಟರ್ ಜೊತೆ ಬರುವ ಸಣ್ಣ ಸ್ಟ್ಯಾಟಿಕ್ ಸರ್ವರ್‌ಗಳಲ್ಲಿ ಹೀಗಾಗುತ್ತದೆ, ಅವು ಪಿಎಚ್‌ಪಿ ನಡೆಸುವುದಿಲ್ಲ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದಿದ್ದರೆ, ವಿಳಾಸ ಪಟ್ಟಿಯ ಶುರುವಿನಲ್ಲಿ 'ಫೈಲ್' ಅಂತಿದ್ದರೆ, ಅಲ್ಲಿ ಸರ್ವರ್ ಇಲ್ಲವೇ ಇಲ್ಲ. ಪಿಎಚ್‌ಪಿ 5.4ರಿಂದ ಅದರಲ್ಲೇ ಒಂದು ಪರೀಕ್ಷೆಯ ಸರ್ವರ್ ಇದೆ, ಟರ್ಮಿನಲ್‌ನಲ್ಲಿ ದೊಡ್ಡ ಎಸ್ ಆಯ್ಕೆ ಕೊಟ್ಟು ಲೋಕಲ್‌ಹೋಸ್ಟ್ 8000ದಲ್ಲಿ ಶುರುಮಾಡಬಹುದು. 403 ಬಂದು ನೀವು ಪೈಥಾನ್‌ನ ಜಾಂಗೋ ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಫಾರ್ಮ್‌ನಲ್ಲಿ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ಮ ಸೈಟಿನದೇ ಅಂತ ತೋರಿಸುವ ಗುಟ್ಟಿನ ಸಂಕೇತ) ಇದೆಯಾ ನೋಡಿ. ಪಿಎಚ್‌ಪಿಯ ಲಾರಾವೆಲ್ ಫ್ರೇಮ್‌ವರ್ಕ್ ಇದೇ ಕಾರಣಕ್ಕೆ 419 ಕೊಡುತ್ತದೆ. 413 ಅಂದರೆ ಗಾತ್ರ ಜಾಸ್ತಿಯಾಯಿತು, ಅದನ್ನು ಮುಂದೆ ಹೇಳುತ್ತೇನೆ. 500 ಬಂದರೆ ಸ್ಕ್ರಿಪ್ಟ್ ಮಧ್ಯದಲ್ಲಿ ಬಿದ್ದಿದೆ, ಎರರ್ ಲಾಗ್ ಓದಿ.

ಎಲ್ಲ ಹೋಗಿದೆ, ಸ್ಕ್ರಿಪ್ಟ್ ಓದುತ್ತಿಲ್ಲ

ಈಗ ಸರ್ವರ್ ಕೋಡ್ ಮುಟ್ಟಬಹುದು. ಸ್ಕ್ರಿಪ್ಟ್‌ನ ಮೊಟ್ಟಮೊದಲ ಸಾಲಿನಲ್ಲಿ ವಾರ್_ಡಂಪ್ (ಒಳಗಿರುವುದನ್ನು ತೋರಿಸುವ ಫಂಕ್ಷನ್) ಹಾಕಿ, ಪೋಸ್ಟ್‌ನಲ್ಲಿ ಬಂದ ಡೇಟಾ ಇರುವ $_ಪೋಸ್ಟ್ ಅನ್ನು ಹಾಗೇ ತೋರಿಸಿ, ಅಲ್ಲೇ ಎಕ್ಸಿಟ್ ಮಾಡಿ. ಜೊತೆಗೆ $_ಸರ್ವರ್‌ನಿಂದ ರಿಕ್ವೆಸ್ಟ್ ಮೆಥಡ್, ಕಂಟೆಂಟ್ ಟೈಪ್ (ಡೇಟಾದ ರೂಪ), ಕಂಟೆಂಟ್ ಲೆಂತ್ (ಡೇಟಾದ ಗಾತ್ರ) ಈ ಮೂರನ್ನೂ ತೋರಿಸಿ. ಡಂಪ್ ಏನೂ ಕಾಣದೆ ಹಳೆಯ ಪೇಜೇ ಬಂದರೆ ನೀವು ತಿದ್ದುತ್ತಿರುವ ಫೈಲ್ ಬೇರೆ, ಸರ್ವರ್ ಓದುತ್ತಿರುವ ಫೈಲ್ ಬೇರೆ. ಇದು ಅಪರೂಪ ಅಂದುಕೊಳ್ಳಬೇಡಿ. ಅಪ್‌ಲೋಡ್ ಆಗಿಲ್ಲದಿರಬಹುದು, ಬೇರೆ ಫೋಲ್ಡರ್‌ಗೆ ಹೋಗಿರಬಹುದು.

ಡಂಪ್‌ನಲ್ಲಿ ಡೇಟಾ ಕಂಡರೆ, ಅದು ಬಂದಿದೆ. ಆಮೇಲೆ ಎಲ್ಲೋ ಕಳೆಯುತ್ತಿದೆ. ಕೀ ಹೆಸರು ಫಾರ್ಮ್‌ನ ನೇಮ್‌ಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು, ದೊಡ್ಡಕ್ಷರ ಸಣ್ಣಕ್ಷರ ಸೇರಿ. $_ಪೋಸ್ಟ್ ಕೂಡ ಪೂರ್ತಿ ದೊಡ್ಡಕ್ಷರದಲ್ಲಿ ಇರಬೇಕು. ನೇಮ್‌ನಲ್ಲಿ ಚುಕ್ಕಿ ಅಥವಾ ಸ್ಪೇಸ್ ಇದ್ದರೆ ಪಿಎಚ್‌ಪಿ ಅದನ್ನು ಅಂಡರ್‌ಸ್ಕೋರ್ ಮಾಡಿಕೊಳ್ಳುತ್ತದೆ. ಹಾಗಾಗಿ 'ಯೂಸರ್.ನೇಮ್' ಅಂತ ಕಳಿಸಿದ್ದು 'ಯೂಸರ್_ನೇಮ್' ಆಗಿ ಸಿಗುತ್ತದೆ.

'ಎಂಪ್ಟಿ' ಫಂಕ್ಷನ್ ಬಗ್ಗೆ ಒಂದು ಮಾತು. ನಿಮ್ಮ ಜೊತೆ ಎಷ್ಟು ಜನ ಬರುತ್ತಾರೆ ಅಂತ ಕೇಳುವ ಫೀಲ್ಡ್ ಇದೆ ಅಂದುಕೊಳ್ಳಿ. ಒಬ್ಬರು 0 ಅಂತ ತುಂಬಿದರು. ಪಿಎಚ್‌ಪಿಯಲ್ಲಿ 0 ಅನ್ನುವ ಅಕ್ಷರವೂ ಎಂಪ್ಟಿಯೇ. ಹಾಗಾಗಿ ಸ್ಕ್ರಿಪ್ಟ್ 'ಈ ಫೀಲ್ಡ್ ತುಂಬಿಲ್ಲ' ಅನ್ನುತ್ತದೆ, ತುಂಬಿದವರು ತುಂಬಿದ್ದೇನೆ ಅನ್ನುತ್ತಾರೆ, ಇಬ್ಬರೂ ಸರಿ. ಇಂಥ ಕಡೆ ಕೀ ಇದೆಯಾ ಅಂತ ಇಸ್‌ಸೆಟ್‌ನಿಂದ ನೋಡಿ, ಆಮೇಲೆ ಖಾಲಿ ಸ್ಟ್ರಿಂಗ್‌ಗೆ ಹೋಲಿಸಿ.

ತುಂಬಾ ಹಳೆಯ ಕೋಡ್ ಆಗಿದ್ದರೆ, ಫೀಲ್ಡ್‌ನ ಹೆಸರನ್ನೇ ನೇರ ವೇರಿಯಬಲ್ ಆಗಿ ಬಳಸಿರುತ್ತಾರೆ. ಅದು ರಿಜಿಸ್ಟರ್ ಗ್ಲೋಬಲ್ಸ್ ಕಾಲದ್ದು. 2002ರ ಪಿಎಚ್‌ಪಿ 4.2ರಲ್ಲಿ ಅದು ತಾನಾಗಿ ಆಫ್ ಆಯಿತು, 2012ರ 5.4ರಲ್ಲಿ ತೆಗೆದೇ ಹಾಕಿದರು. ಅಂಥ ಕೋಡ್ ಈಗಿನ ಸರ್ವರ್‌ನಲ್ಲಿ ನಡೆಯುವುದಿಲ್ಲ, $_ಪೋಸ್ಟ್‌ಗೆ ಬದಲಾಯಿಸಿ.

ಡಂಪ್ ಬಂತು, ಮೆಥಡ್ ಪೋಸ್ಟ್ ಇದೆ, ಕಂಟೆಂಟ್ ಲೆಂತ್ ಕೂಡ ಸೊನ್ನೆ ಅಲ್ಲ, ಆದರೂ $_ಪೋಸ್ಟ್ ಖಾಲಿ. ಇದಕ್ಕೆ ಮುಖ್ಯವಾಗಿ ಎರಡು ಕಾರಣ.

ಒಂದು, ಕಂಟೆಂಟ್ ಟೈಪ್. ಪಿಎಚ್‌ಪಿ $_ಪೋಸ್ಟ್ ತುಂಬುವುದು ಫಾರ್ಮ್‌ನ ಎರಡು ರೂಪಗಳಿಗೆ ಮಾತ್ರ: ಯುಆರ್‌ಎಲ್‌ಎನ್‌ಕೋಡೆಡ್ ಮತ್ತು ಮಲ್ಟಿಪಾರ್ಟ್. ಫೆಚ್‌ನಿಂದ ಜೇಸನ್ (ಡೇಟಾ ಬರೆಯುವ ಇನ್ನೊಂದು ರೂಪ) ಕಳಿಸಿದರೆ ಖಾಲಿ ಇರುವುದೇ ಸರಿಯಾದ ನಡವಳಿಕೆ. ಆಗ ಪಿಎಚ್‌ಪಿ ಇನ್‌ಪುಟ್ ಸ್ಟ್ರೀಮ್‌ನಿಂದ ಇಡೀ ಬಾಡಿ ಓದಿ, ಜೇಸನ್ ಡಿಕೋಡ್ ಮಾಡಿಕೊಳ್ಳಬೇಕು. ಫಾರ್ಮ್‌ಗೆ ಡೇಟಾದ ರೂಪ ಹೇಳುವ ಎನ್‌ಕ್‌ಟೈಪ್ ಅನ್ನು 'ಟೆಕ್ಸ್ಟ್ ಪ್ಲೇನ್' ಅಂತ ಯಾರಾದರೂ ಹಾಕಿದ್ದರೂ ಹೀಗೇ ಆಗುತ್ತದೆ. ಫೈಲ್ ಕಳಿಸುವ ಫಾರ್ಮ್ ಆದರೆ ಮಲ್ಟಿಪಾರ್ಟ್ ಬೇಕೇ ಬೇಕು, ಇಲ್ಲದಿದ್ದರೆ ಫೈಲ್‌ನ ಹೆಸರು ಮಾತ್ರ ಹೋಗುತ್ತದೆ, ಫೈಲ್ ಹೋಗುವುದಿಲ್ಲ.

ಫೆಚ್ ಜೊತೆ ಫಾರ್ಮ್‌ಡೇಟಾ ಬಳಸುವಾಗ ಕಂಟೆಂಟ್ ಟೈಪ್ ಹೆಡರನ್ನು ನೀವು ಬರೆಯಬೇಡಿ. ಮಲ್ಟಿಪಾರ್ಟ್‌ನಲ್ಲಿ ಒಂದೊಂದು ಭಾಗದ ನಡುವೆ ಬರುವ ಗಡಿ ಗುರುತನ್ನು ಬ್ರೌಸರ್ ತಾನೇ ಹೆಡರ್‌ಗೆ ಸೇರಿಸುತ್ತದೆ. ನೀವು ಕೈಯಾರೆ ಬರೆದರೆ ಆ ಗುರುತು ಇರುವುದಿಲ್ಲ, ಸರ್ವರ್‌ಗೆ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗುವುದಿಲ್ಲ. ಆ ಒಂದು ಸಾಲು ಅಳಿಸಿದರೆ ಸಾಕು. ಜೇಸನ್‌ಗೆ ಇದರ ಉಲ್ಟಾ. ಅಲ್ಲಿ ಹೆಡರ್ ನೀವೇ ಬರೆಯಬೇಕು, ಬರೆಯದಿದ್ದರೆ ಅದು ಟೆಕ್ಸ್ಟ್ ಪ್ಲೇನ್ ಆಗಿ ಹೋಗುತ್ತದೆ.

ಎರಡು, ಮಿತಿ. ಪಿಎಚ್‌ಪಿಯಲ್ಲಿ ಪೋಸ್ಟ್_ಮ್ಯಾಕ್ಸ್_ಸೈಜ್ ತಾನಾಗಿ 8 ಎಂಬಿ, ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್ 2 ಎಂಬಿ. ಮೊದಲನೆಯದನ್ನು ದಾಟಿದರೆ ಫೈಲ್ ಮಾತ್ರ ಅಲ್ಲ, $_ಪೋಸ್ಟ್ ಪೂರ್ತಿ ಖಾಲಿಯಾಗುತ್ತದೆ. ಹೆಸರು ಇಮೇಲ್ ಕೂಡ ಸಿಗುವುದಿಲ್ಲ. ಫೋಟೋ ಇಲ್ಲದೆ ಸಬ್ಮಿಟ್ ಮಾಡಿದರೆ ಎಲ್ಲ ಬರುತ್ತದೆ, ಮೊಬೈಲ್‌ನಲ್ಲಿ ತೆಗೆದ ದೊಡ್ಡ ಫೋಟೋ ಸೇರಿಸಿದರೆ ಏನೂ ಇಲ್ಲ ಅಂದರೆ ಇದೇ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಮುಂದಿದ್ದರೆ ಅದರ ಮಿತಿ ಇನ್ನೂ ಕಡಿಮೆ, ತಾನಾಗಿ 1 ಎಂಬಿ, ದಾಟಿದರೆ 413. ಎರಡೂ ಕಡೆ ಏರಿಸಬೇಕು. ಇನ್ನೊಂದು ಮ್ಯಾಕ್ಸ್_ಇನ್‌ಪುಟ್_ವಾರ್ಸ್, ಅದು 1000. ನೂರಾರು ಸಾಲಿನ ದೊಡ್ಡ ಟೇಬಲ್ ಫಾರ್ಮ್‌ನಲ್ಲಿ ಮೇಲಿನ ಸಾಲುಗಳು ಬಂದು ಕೆಳಗಿನವು ಕಾಣೆಯಾದರೆ ಅಲ್ಲೇ ನೋಡಿ.

ಬೇರೆ ಭಾಷೆಯವರಿಗೆ ಚಿಕ್ಕದಾಗಿ: ನೋಡ್‌ನ ಎಕ್ಸ್‌ಪ್ರೆಸ್‌ನಲ್ಲಿ ರಿಕ್ವೆಸ್ಟ್‌ನ ಬಾಡಿ 'ಅನ್‌ಡಿಫೈನ್ಡ್' ಬಂದರೆ ಯುಆರ್‌ಎಲ್‌ಎನ್‌ಕೋಡೆಡ್ ಮಿಡಲ್‌ವೇರ್ ಹಾಕಿಲ್ಲ, ಅಥವಾ ರೌಟ್‌ನ ಕೆಳಗೆ ಹಾಕಿದ್ದೀರಿ. ಅದು ಮೇಲೆ ಇರಬೇಕು. 2017ರ 4.16ರಿಂದ ಅದು ಎಕ್ಸ್‌ಪ್ರೆಸ್ ಒಳಗೇ ಇದೆ, ಬೇರೆ ಪ್ಯಾಕೇಜ್ ಬೇಡ. ಮಲ್ಟಿಪಾರ್ಟ್‌ಗೆ ಮಾತ್ರ ಮಲ್ಟರ್‌ನಂಥದ್ದು ಬೇಕು. ಫ್ಲಾಸ್ಕ್‌ನಲ್ಲಿ ಪೋಸ್ಟ್ ಡೇಟಾ 'ಫಾರ್ಮ್'ನಲ್ಲಿ, ಗೆಟ್ ಡೇಟಾ 'ಆರ್ಗ್ಸ್'ನಲ್ಲಿ ಸಿಗುತ್ತದೆ. ಇಲ್ಲದ ಕೀಯನ್ನು ಚೌಕ ಕಂಸದಲ್ಲಿ ಕೇಳಿದರೆ 400 ಬರುತ್ತದೆ.

ಇಷ್ಟೆಲ್ಲ ನೋಡಿಯೂ ತಪ್ಪು ಯಾವ ಕಡೆ ಅಂತ ಗೊಂದಲ ಇದ್ದರೆ ಟರ್ಮಿನಲ್‌ನಿಂದ ಕರ್ಲ್ ಅನ್ನುವ ಕಮಾಂಡ್ ಬಳಸಿ ಕೈಯಾರೆ ಒಂದು ಪೋಸ್ಟ್ ಕಳಿಸಿ. ಸಣ್ಣ ಡಿ ಆಯ್ಕೆಗೆ ಒಂದು ಹೆಸರು, ಒಂದು ವ್ಯಾಲ್ಯೂ ಕೊಟ್ಟರೆ ಸಾಕು. ಕರ್ಲ್‌ನಿಂದ ಡೇಟಾ ತಲುಪಿ ಪೇಜ್‌ನಿಂದ ತಲುಪದಿದ್ದರೆ ತಪ್ಪು ಪೇಜ್‌ನಲ್ಲಿದೆ. ಎರಡರಿಂದಲೂ ತಲುಪದಿದ್ದರೆ ಸರ್ವರ್ ಕಡೆ ಹುಡುಕಿ. ಟೋಕನ್ ಕೇಳುವ ಫ್ರೇಮ್‌ವರ್ಕ್ ಆಗಿದ್ದರೆ ಮಾತ್ರ ಕರ್ಲ್‌ಗೆ 403 ಅಥವಾ 419 ಬರುವುದು ಸಹಜ, ಅದನ್ನು ತಪ್ಪು ಅಂತ ಎಣಿಸಬೇಡಿ.

ಮತ್ತೆ, ಡಂಪ್‌ನಲ್ಲಿ ಎಲ್ಲ ಸರಿಯಾಗಿ ಕಂಡು ಡೇಟಾಬೇಸ್‌ನಲ್ಲಿ ಮಾತ್ರ ಏನೂ ಇಲ್ಲ ಅಂದರೆ, ಅದು ಫಾರ್ಮ್‌ನ ಸಮಸ್ಯೆಯೇ ಅಲ್ಲ. ಕ್ವೆರಿ ಸೋತಿದೆ, ಎರರ್ ತೋರಿಸುವುದು ಆಫ್ ಇದೆ. ಎರರ್ ಲಾಗ್ ತೆರೆಯಿರಿ.

ಡೇಟಾ ಬರಲು ಶುರುವಾದ ದಿನವೇ ಆ ವಾರ್_ಡಂಪ್ ಸಾಲುಗಳನ್ನು ತೆಗೆಯಿರಿ. ಪರೀಕ್ಷೆಗೆ ಅಂತ $_ಪೋಸ್ಟ್ ಅನ್ನು ಫೈಲ್‌ಗೆ ಬರೆಯುತ್ತಿದ್ದರೆ ಆ ಫೈಲನ್ನೂ ಅಳಿಸಿ. ಅದರಲ್ಲಿ ಜನರ ಪಾಸ್‌ವರ್ಡ್, ಫೋನ್ ನಂಬರ್ ಎಲ್ಲಾ ಹಾಗೇ ಬಿದ್ದಿರುತ್ತದೆ, ವೆಬ್ ಫೋಲ್ಡರ್ ಒಳಗೇ ಇಟ್ಟಿದ್ದರೆ ವಿಳಾಸ ಗೊತ್ತಿರುವ ಯಾರು ಬೇಕಾದರೂ ತೆರೆದು ಓದಬಹುದು.